ಅತ್ತೆ ಆನ್ ಆಗಲಿಲ್ಲ

ಅತ್ತೆ ಸತ್ತ ಮೇಲೆ, ಊರಿನ ರೂಢಿಯಂತೆ, ಅವರನ್ನು ನೆನಪುಗಳ ಸಮೇತ ಕಂಪ್ಯೂಟರಿಗೆ ತುಂಬಿಸಿ ಪಡಸಾಲೆಯಲ್ಲಿ ಇಟ್ಟಿದ್ದರು. ಅವರು ಬೈಯಲು ಶುರುಮಾಡಿದಾಗಲೆಲ್ಲ ಸೊಸೆ ನೀಲವ್ವ ಪ್ಲಗ್ಗನ್ನೇ ಕಿತ್ತುಬಿಡುತ್ತಿದ್ದಳು. ಇವತ್ತು ಅತ್ತೆ ಏಳಲೇ ಇಲ್ಲ.

"ನಮ್ಮವ್ವ ಏಳಲಿಲ್ಲಂದ್ರ ನಿನ್ನ ಮ್ಯಾಲ ಕೊಲಿ ಕೇಸ್ ಹಾಕತೀನಿ," ಎಂದು ನಾದಿನಿ ಸುಮಂಗಲಾ ಹಲ್ಲು ಕಡಿದಳು.

ಕಂಪ್ಯೂಟರ್ ಬಿಚ್ಚಿಕೊಂಡು ಕೂತಿದ್ದ ರಿಪೇರಿಯವನು ಬೆವರೊರೆಸಿಕೊಂಡ. "ಹೊಸ ನೆನಪೆಲ್ಲ ಹಾಳಾಗ್ಯಾವ್ರಿ. ನಿಮ್ಮಣ್ಣಗ ಕನ್ಯಾ ನೋಡಿದ ದಿನದ ತನಕ ಅಷ್ಟ ಉಳದಾವ. ಅಲ್ಲಿಂದನ ಚಾಲೂ ಮಾಡತೀನಿ."

ಪರದೆಯಲ್ಲಿ ಅತ್ತೆಯ ಮುಖ ಮೂಡಿತು. ನೀಲವ್ವನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಅವರು ಮಗಳತ್ತ ತಿರುಗಿದರು. "ಕರ್ರಗದಾಳ. ಈ ಹುಡುಗಿ ಬ್ಯಾಡ."

ಅಂದು ನೀಲವ್ವ ಚಾಪೆಯ ಮೇಲೆ ತಲೆ ತಗ್ಗಿಸಿ ಕೂತಿದ್ದಳು. ಇವತ್ತು ಕುರ್ಚಿ ಎಳೆದುಕೊಂಡು ಎದುರಿಗೇ ಕೂತಳು.

"ನನಗೂ ನಿಮ್ಮ ಮನಿ ಬ್ಯಾಡ್ರಿ," ಎಂದಳು.