ಮಾವನ ಕೆಂಪು ಅಂಗಿ

ಆಸ್ಪತ್ರೆಯಿಂದ ಮಾವ ಫೋನು ಮಾಡಿದರೆ ಮೊದಲು ವಿಚಾರಿಸುವುದು ಹಿತ್ತಲ ಕೊಳದ ಬಣ್ಣದ ಮೀನುಗಳನ್ನೇ. "ಚೆನ್ನಾಗಿವೆ ಮಾವಾ" ಎಂದು ಪ್ರಫುಲ್ಲಾ ಸುಳ್ಳು ಹೇಳುತ್ತಿದ್ದಳು. ಮಿಂಚುಳ್ಳಿಯೊಂದು ದಿನವೂ ಬಂದು ಮೀನು ಕಚ್ಚಿಕೊಂಡು ಹೋಗುತ್ತಿತ್ತು. ನೀರಿನ ತುಂಬ ತಾವರೆ ಬಳ್ಳಿ ಹಬ್ಬಿಸಿದಳು. ಉಳಿದ ಮೀನುಗಳು ಎಲೆಗಳಡಿ ಅಡಗಿ ಕೂತವು. ಹಾಳು ಹಕ್ಕಿ ಮಾತ್ರ ಕಾಂಪೌಂಡ್ ಬಿಟ್ಟು ಕದಲಲಿಲ್ಲ.

"ನಾಳೆ ಮಾವ ಮನೆಗೆ ಬರ್ತಾರೆ ಅತ್ತೆ. ಇರೋವಷ್ಟು ಮೀನಾದ್ರೂ ಉಳೀಬೇಕಲ್ಲ?"

"ಒಂದು ಬೆರ್ಚಪ್ಪ ನಿಲ್ಸು," ಎಂದರು ಅತ್ತೆ. "ಅವರ ಕೆಂಪು ಅಂಗೀನೇ ಹಾಕು. ದಿನಾ ಅದನ್ನೇ ತೊಟ್ಕೊಂಡು ಮೀನಿಗೆ ಪುರಿ ಹಾಕೋರು. ಆಗ ಒಂದು ಕಾಗೆನಾದ್ರೂ ಹತ್ರ ಸುಳೀತಿತ್ತಾ?"

ಸಂಜೆಯೇ ಅವಳು ಕೋಲಿಗೆ ಅಡ್ಡಕೋಲು ಬಿಗಿದು, ಅಂಗಿ ತೊಡಿಸಿ, ಕೊಳದ ಅಂಚಿಗೆ ನೆಟ್ಟಳು. ಬೆಳಿಗ್ಗೆ ಬಾಗಿಲು ತೆರೆದರೆ ಕಾಂಪೌಂಡ್ ಮೇಲೆ ಹಕ್ಕಿ ಇರಲಿಲ್ಲ.

"ತೊಲಗ್ತು ಅತ್ತೆ, ಪೀಡೆ ತೊಲಗ್ತು!" ಎಂದು ಕೂಗುತ್ತ ಕೊಳದತ್ತ ಓಡಿದಳು.

ಎಲೆಗಳಡಿಯಿಂದ ಹೊರಬಂದ ಮೀನುಗಳೆಲ್ಲ ಕೆಂಪು ಅಂಗಿಯ ಮುಂದೆ ಬಾಯಿ ತೆರೆದು ಮುತ್ತಿಕೊಂಡಿದ್ದವು; ಅದರ ಚಾಚಿದ ತೋಳಿನ ಮೇಲೆ ಮಿಂಚುಳ್ಳಿ ಕೂತಿತ್ತು.