ಅಬ್ಬಾನ ಅಕ್ಷರ

ಅರ್ಜೂ ಟೈಪ್ ಮಾಡಿದ ‘ಕುಲ್ಸುಂ’ ಹೆಸರಿನಲ್ಲಿ ಸಕಾರದ ಒತ್ತು ಮತ್ತೆ ಮೇಲಿನ ಕೊಂಬಿಗೆ ತಾಗಿತು. ಶಿರಾ ಗೇಟಿನಲ್ಲಿ ನಲವತ್ತು ವರ್ಷ ಅಂಗಡಿ ಬೋರ್ಡ್ ಬರೆದು, ಹೋದ ವರ್ಷ ತೀರಿಕೊಂಡ ಅಪ್ಪ ಹಬೀಬ್ ಸಾಬರ ಅಕ್ಷರಗಳನ್ನು ಅವಳು ಕಂಪ್ಯೂಟರ್ ಫಾಂಟ್ ಮಾಡುತ್ತಿದ್ದಳು. ಇಕ್ಕಟ್ಟಿದ್ದಲ್ಲಿ ಪುಟ್ಟ ಒತ್ತು ಬರಬೇಕೆಂದು ಅವಳು ಫಾಂಟಿನೊಳಗೆ ಬರೆದ ನಿಯಮವನ್ನು ಇನ್ನೊಂದು ನಿಯಮ ಮೊದಲೇ ನುಗ್ಗಿ ತಡೆಯುತ್ತಿತ್ತು. ಎರಡನ್ನೂ ಹಿಂದುಮುಂದು ಮಾಡಿದಳು. ಹೆಸರು ಅಂದವಾಗಿ ಕೂತಿತು.

“ಅಮ್ಮೀ, ನಿನ್ ಹೆಸ್ರು ನೋಡು.”

ಕುಲ್ಸುಂ ಬೀ ಪರದೆಯನ್ನು ಬೆರಳಿಂದ ಸವರಿದರು. ಮುಖ ಅರಳಿತು. “ಇವ್ರು ಯಾವಾಗ್ ಬರೆದಿದ್ರೇ ಇದನ್ನ? ಎಲ್ಲಿ ಸಿಕ್ತು?”

“ಅಬ್ಬಾ ಬರೆದಿದ್ದಲ್ಲ ಅಮ್ಮೀ. ಅವ್ರ ಬಿಡಿ ಅಕ್ಷರ ನಾನು ಜೋಡಿಸಿದ್ದು.”

ಕುಲ್ಸುಂ ಬೀ ನಿಧಾನವಾಗಿ ಕೈ ಹಿಂದಕ್ಕೆ ತೆಗೆದುಕೊಂಡರು.

“ಊರೋರ್ ಹೆಸ್ರೆಲ್ಲಾ ಬರೆದ್ರು. ನಂದೂ ಒಂದ್ಸಲ ಬರೀರಿ ಅನ್ನೋಕೆ ನಂಗೇ ನಾಚ್ಕೆ ಆಗ್ತಿತ್ತು ಕಣೇ.”