ಅವಳ ಹೆಸರಿನ ಬೆಗೋನಿಯಾ

ತಿಂಗಳುಗಟ್ಟಲೆ ದ್ವೀಪದ ಕಾಡು ಸುತ್ತಿ ಮನೆಗೆ ಬಂದ ಸಸ್ಯಶಾಸ್ತ್ರಜ್ಞ ಗಂಡ, ಚಪ್ಪಲಿ ಬಿಡುವ ಮೊದಲೇ ಹೇಳಿದ: "ಹೊಸ ಬೆಗೋನಿಯಾ ಸಿಕ್ತು ಕಣೇ. ಇಲ್ಲೀವರೆಗೆ ಯಾರೂ ನೋಡಿಲ್ಲ. ಅದಕ್ಕೆ ನಿನ್ನ ಹೆಸರೇ ಇಡ್ತೀನಿ."

ಮದುವೆಯಾದಾಗಿನಿಂದ ಒಂದು ಮೊಳ ಮಲ್ಲಿಗೆಯನ್ನೂ ತಂದುಕೊಟ್ಟವನಲ್ಲ. ಮಂದಾಕಿನಿಯ ಮುನಿಸೆಲ್ಲ ಕರಗಿತು. ಅವನು ಕೇಳದೆಯೇ ಕಾಫಿಗೆ ಇಟ್ಟಳು.

"ನೋಡೋಕೆ ಹೇಗಿದೆ?"

"ತಿಳಿಗುಲಾಬಿ ಹೂವು. ಬಂಡೆ ಸಂದೀಲಿ ತನ್ನ ಪಾಡಿಗೆ ತಾನು ಅರಳಿಕೊಂಡಿತ್ತು. ಇಡೀ ದ್ವೀಪ ಹುಡುಕಿದ್ರೂ ಇನ್ನೊಂದು ಗಿಡ ಸಿಗ್ಲಿಲ್ಲ."

"ಮುಂದಿನ ಸಲ ನನ್ನನ್ನೂ ಕರ್ಕೊಂಡು ಹೋಗಿ. ಅದರ ಪಕ್ಕ ನಿಂತು ಒಂದು ಫೋಟೋ ತೆಗೆಸ್ಕೋಬೇಕು."

"ಅಷ್ಟು ದೂರ ಯಾಕೆ?" ಗಂಡ ಚೀಲದಿಂದ ಹಳೇ ಪೇಪರಿನ ಕಟ್ಟು ತೆಗೆದು ಬಿಚ್ಚಿದ. "ಬೇರುಸಮೇತ ಕಿತ್ತು ಒಣಗಿಸದೆ ಹೆಸರಿಡೋ ಹಾಗಿಲ್ಲ."